ಮೂರು ಜಿಲ್ಲೆಗಳ ಜಂಟಿ ಅಧ್ಯಯನ: ಒಬ್ಬ ರೋಗಿ ಎರಡು ಸಲ ಎಣಿಕೆಯಾಗದಂತೆ ತಡೆಯುವುದು ಹೇಗೆ?

ಪ್ರಶ್ನೆ: ಮೆಡಿಸಿನ್ ವಿಭಾಗದ ಶಿಕ್ಷಕ, ಹುಬ್ಬಳ್ಳಿ

ಮಾನ್ಯರೆ, 2021ರ ಎರಡನೇ ಅಲೆಯ ಹೊತ್ತಿನಲ್ಲಿ ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳ ಮೂರು ಆಸ್ಪತ್ರೆಗಳ ವೈದ್ಯರು ಸೇರಿ, ಕೋವಿಡ್ ಜೊತೆಗೆ ಸಕ್ಕರೆ ಕಾಯಿಲೆಯೂ ಇದ್ದ ರೋಗಿಗಳ ಬಗ್ಗೆ ಅಧ್ಯಯನವೊಂದನ್ನು ಆರಂಭಿಸಿದ್ದೆವು. ಗದಗ ನಮ್ಮಿಂದ ಒಂದು ತಾಸಿನ ದಾರಿಯಾದರೂ ಆ ತಿಂಗಳುಗಳಲ್ಲಿ ಒಮ್ಮೆಯೂ ಮುಖಾಮುಖಿ ಕೂಡಲಾಗಲಿಲ್ಲ. ರಾತ್ರಿ ಊಟದ ನಂತರ ಝೂಮ್‌ನಲ್ಲಿ ಸಭೆ, ಉಳಿದದ್ದೆಲ್ಲ ವಾಟ್ಸ್ಆ್ಯಪ್ ಗುಂಪಿನಲ್ಲಿ. ಮಾತುಕತೆಗೆ ಯಾವ ಕೊರತೆಯೂ ಇರಲಿಲ್ಲ. ನಿಜ ಹೇಳಬೇಕೆಂದರೆ ಅಷ್ಟು ಆತ್ಮೀಯವಾಗಿ ನಾವು ಹಿಂದೆಂದೂ ಮಾತನಾಡಿರಲಿಲ್ಲ.

ತೊಂದರೆ ಗೊತ್ತಾದದ್ದು ಮೂರೂ ಕಡೆಯ ಎಕ್ಸೆಲ್ ಹಾಳೆಗಳನ್ನು ಒಂದುಗೂಡಿಸಿದಾಗ. ಹಾವೇರಿ ಜಿಲ್ಲೆಯಲ್ಲಿ ದಾಖಲಾಗಿ, ಆಮ್ಲಜನಕದ ಅಗತ್ಯ ಹೆಚ್ಚಿದ ಮೇಲೆ ಹುಬ್ಬಳ್ಳಿಗೆ ಕಳುಹಿಸಲಾದ ರೋಗಿಗಳು ಎರಡೂ ಹಾಳೆಗಳಲ್ಲಿ ಇದ್ದರು. ಒಂದರಲ್ಲಿ ‘ಬಿಡುಗಡೆ’, ಇನ್ನೊಂದರಲ್ಲಿ ‘ಮರಣ’. ಹೆಸರಿನಿಂದ ಹೊಂದಿಸೋಣವೆಂದರೆ ಒಂದೆಡೆ ಅಡ್ಡಹೆಸರು ಸೇರಿಸಿ ಬರೆದಿದ್ದರೆ ಇನ್ನೊಂದೆಡೆ ತಂದೆಯ ಹೆಸರು ಸೇರಿಸಿ ಬರೆದಿದ್ದರು. ವಯಸ್ಸಂತೂ ಕರೆತಂದವರು ಹೇಳಿದಂತೆ 52 ಅಥವಾ 55. ಆ ಪ್ರಬಂಧವನ್ನು ನಾವು ಬರೆಯಲೇ ಇಲ್ಲ.

ಈಗ ಅದೇ ಮೂರು ತಂಡಗಳು ತೀವ್ರ ಜ್ವರದ ರೋಗಿಗಳ ಕುರಿತು ಮತ್ತೆ ಕೂಡಿ ಕೆಲಸ ಮಾಡಲು ಯೋಚಿಸುತ್ತಿವೆ. ನಾಳೆ ಮತ್ತೊಂದು ಸಾಂಕ್ರಾಮಿಕ ಬಂದು ಮನೆಯಲ್ಲೇ ಕೂರಬೇಕಾದರೂ ನಡೆಯುವಂತೆ ಏನೇನನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು? ರೆಡ್‌ಕ್ಯಾಪ್‌ನಂತಹ ಮಾಹಿತಿ ಸಂಗ್ರಹಿಸುವ ತಂತ್ರಾಂಶ ಅನಿವಾರ್ಯವೇ?

ಉತ್ತರ 1: ಜೀವಸಂಖ್ಯಾಶಾಸ್ತ್ರ ಬೋಧಕಿ, ಧಾರವಾಡ

ಸರ್, ನಿಮ್ಮ ಹಾಳೆಯಲ್ಲಿ ಒಂದೊಂದು ಸಾಲೂ ಒಂದೊಂದು ದಾಖಲಾತಿಯಾಗಿತ್ತು; ಆಗಬೇಕಾಗಿದ್ದದ್ದು ಒಬ್ಬ ರೋಗಿಯ ಒಂದು ಕಾಯಿಲೆ. ರೋಗಿಯು ಮೊದಲು ಕಾಲಿಟ್ಟ ಆಸ್ಪತ್ರೆಯಲ್ಲೇ ಒಂದು ಅಧ್ಯಯನ ಸಂಖ್ಯೆಯನ್ನು ಕೊಟ್ಟು, ಅದನ್ನು ರೆಫರಲ್ ಚೀಟಿಯ ಮೇಲೆ ಬರೆದು, ಎರಡನೇ ಆಸ್ಪತ್ರೆಯವರು ಹೊಸ ಸಾಲು ತೆರೆಯದೆ ಅದೇ ಸಂಖ್ಯೆಯ ಮುಂದೆ ಬರೆಯುತ್ತಾ ಹೋದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಕೋವಿಡ್ ಕಾಲದ ಎಸ್‌ಆರ್‌ಎಫ್ ಸಂಖ್ಯೆಯನ್ನೇ ಗುರುತಾಗಿ ಬಳಸಬಹುದಿತ್ತಲ್ಲ ಎಂದು ಕೆಲವರು ಕೇಳುತ್ತಾರೆ. ಆದರೆ ಅದು ಗಂಟಲು ದ್ರವದ ಮಾದರಿಗೆ ಕೊಟ್ಟ ಸಂಖ್ಯೆಯೇ ಹೊರತು ಮನುಷ್ಯನಿಗೆ ಕೊಟ್ಟದ್ದಲ್ಲ.

ಉಳಿದರ್ಧ ಇನ್ನೂ ಮುಖ್ಯವಾದದ್ದು. ‘ರೆಫರ್ ಮಾಡಲಾಗಿದೆ’ ಎಂಬುದನ್ನು ಫಲಿತಾಂಶವೆಂದು ಬರೆಯಲು ಅವಕಾಶವನ್ನೇ ಕೊಡಬೇಡಿ. ರೆಫರ್ ಆಗುವವರು ಹೆಚ್ಚು ಕಾಯಿಲೆಯಾದವರೇ; ಅವರನ್ನು ಜೀವಂತ ಬಿಡುಗಡೆಯಾದವರ ಸಾಲಿಗೆ ಸೇರಿಸಿದರೆ ಸಣ್ಣ ಆಸ್ಪತ್ರೆಯ ಸಾವಿನ ಪ್ರಮಾಣ ಸುಳ್ಳಾಗಿ ಇಳಿಯುತ್ತದೆ, ದೊಡ್ಡ ಆಸ್ಪತ್ರೆಯದು ಅನ್ಯಾಯವಾಗಿ ಏರುತ್ತದೆ. 28ನೇ ದಿನ ರೋಗಿ ಬದುಕಿದ್ದಾರೆಯೇ ಇಲ್ಲವೇ ಎಂಬುದನ್ನು ಮೊದಲು ದಾಖಲಿಸಿಕೊಂಡವರೇ ಫೋನ್ ಮಾಡಿ ತಿಳಿದುಕೊಳ್ಳಬೇಕು. ಆ 28 ದಿನಗಳನ್ನು ಜ್ವರ ಬಂದ ದಿನದಿಂದ ಎಣಿಸಬೇಕೋ ದಾಖಲಾದ ದಿನದಿಂದಲೋ ಎಂಬುದನ್ನೂ ಈಗಲೇ ಬರೆದಿಡಿ. ದಿನಾಂಕದ ತಿಂಗಳನ್ನು ಅಕ್ಷರದಲ್ಲೇ ಬರೆಸಿರಿ: 05/06 ಎಂದು ಬರೆದದ್ದನ್ನು ಒಂದು ಕಂಪ್ಯೂಟರ್ ಜೂನ್ 5 ಎಂದು ಓದಿದರೆ ಇನ್ನೊಂದು ಮೇ 6 ಎಂದು ಓದುತ್ತದೆ.

ರೆಡ್‌ಕ್ಯಾಪ್ ಒಳ್ಳೆಯದೇ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ 2004ರಲ್ಲಿ ಹುಟ್ಟಿದ ಈ ತಂತ್ರಾಂಶವು ಲಾಭರಹಿತ ಸಂಸ್ಥೆಗಳಿಗೆ ಶುಲ್ಕವಿಲ್ಲದೆ ಸಿಗುತ್ತದೆಯಾದರೂ, ಸರ್ವರನ್ನೂ ಅದನ್ನು ನೋಡಿಕೊಳ್ಳುವವರನ್ನೂ ಸಂಸ್ಥೆಯೇ ಒದಗಿಸಬೇಕು. ವ್ಯಾಖ್ಯೆಗಳು ಮೂರು ಕಡೆ ಮೂರು ರೀತಿ ಇದ್ದರೆ ಅದೂ ತಪ್ಪನ್ನೇ ಅಚ್ಚುಕಟ್ಟಾಗಿ ಕೂಡಿಡುತ್ತದೆ.

ಉತ್ತರ 2: ನಿವೃತ್ತ ಪ್ರಾಧ್ಯಾಪಕ, ಗದಗ

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಒಂದು ಎಚ್ಚರಿಕೆ. ಮೊದಲೇ ಬರೆದಿಡಿ ಎಂದ ಕೂಡಲೇ ನಮ್ಮ ಸಮಿತಿಗಳು ಹದಿನಾರು ಪುಟದ ನಮೂನೆಯೊಂದನ್ನು ಸಿದ್ಧಪಡಿಸುತ್ತವೆ. ಅದನ್ನು ಪಿಪಿಇ ತೊಟ್ಟು ಬೆವರುತ್ತಿರುವ ಪಿಜಿ ವಿದ್ಯಾರ್ಥಿ ತುಂಬಬೇಕಾಗುತ್ತದೆ. ಕೋವಿಡ್ ಔಷಧಗಳನ್ನು ಪರೀಕ್ಷಿಸಿದ ಬ್ರಿಟನ್ನಿನ ರಿಕವರಿ ಪ್ರಯೋಗವನ್ನು ನೋಡಿ. 2020ರ ಮಾರ್ಚ್‌ನಲ್ಲಿ ಆರಂಭವಾಗಿ ಜೂನ್ 16ರ ಹೊತ್ತಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಔಷಧದ ಫಲಿತಾಂಶವನ್ನು ಪ್ರಕಟಿಸಿತು: ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಮೂರನೇ ಒಂದರಷ್ಟು, ಆಮ್ಲಜನಕ ಪಡೆಯುತ್ತಿದ್ದವರಲ್ಲಿ ಐದನೇ ಒಂದರಷ್ಟು ಕಡಿಮೆಯಾಗಿತ್ತು. ಆ ಹೋಲಿಕೆಯಲ್ಲಿ ಆರು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ಅದು ಸಾಧ್ಯವಾದದ್ದು ವಾರ್ಡಿನಲ್ಲಿ ಕೇಳಿದ ಪ್ರಶ್ನೆಗಳು ತೀರ ಕಡಿಮೆಯಿದ್ದುದರಿಂದ.

ನಮ್ಮಲ್ಲೂ ಉದಾಹರಣೆ ಇಲ್ಲದಿಲ್ಲ. 2020ರ ಮೇ ತಿಂಗಳಲ್ಲಿ ಹುಬ್ಬಳ್ಳಿಯ ಕಿಮ್ಸ್‌ನಲ್ಲಿ ಪ್ಲಾಸ್ಮಾ ಚಿಕಿತ್ಸೆ (ಕೋವಿಡ್‌ನಿಂದ ಚೇತರಿಸಿಕೊಂಡವರ ರಕ್ತದ ದ್ರವಭಾಗವನ್ನು ಕೊಡುವುದು) ಪಡೆದ ರೋಗಿಯೊಬ್ಬರು ಗುಣಮುಖರಾದ ಸುದ್ದಿ ಬಂದಾಗ ನಮಗೆಲ್ಲ ಆಗಿದ್ದ ಸಂತೋಷ ನೆನಪಿದೆ. ಅದೇ ಹೊತ್ತಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳನ್ನು ಒಂದೇ ನಿಯಮಾವಳಿಯಡಿ ಸೇರಿಸಿಕೊಂಡು ಪ್ಲಾಸಿಡ್ ಪ್ರಯೋಗ ನಡೆಸುತ್ತಿತ್ತು. ಕಾಯಿಲೆ ತೀವ್ರವಾಗುವುದೋ ಸಾವೋ ಸಂಭವಿಸಿದ್ದು ಪ್ಲಾಸ್ಮಾ ಪಡೆದವರಲ್ಲಿ ಶೇಕಡಾ 19, ಪಡೆಯದವರಲ್ಲಿ 18. ಒಂದು ಆಸ್ಪತ್ರೆಯ ಒಬ್ಬ ರೋಗಿಯಿಂದ ತಿಳಿಯಲಾಗದ್ದು 39 ಆಸ್ಪತ್ರೆಗಳು ಒಂದೇ ಪ್ರಶ್ನೆಯನ್ನು ಒಂದೇ ರೀತಿ ಕೇಳಿದ್ದರಿಂದ ತಿಳಿಯಿತು. 2021ರ ಮೇನಲ್ಲಿ ಆ ಚಿಕಿತ್ಸೆಯನ್ನು ಮಾರ್ಗಸೂಚಿಯಿಂದ ಕೈಬಿಡಲಾಯಿತು.

ಇನ್ನೊಂದು ಮಾತು: ಮೂಲ ಕೇಸ್ ಶೀಟುಗಳನ್ನು ತೆರೆದು ನೋಡುವ ಹಕ್ಕು ಮೂರೂ ತಂಡಗಳಿಗೆ ಇರಲಿ. 96,032 ರೋಗಿಗಳ ಮಾಹಿತಿಯಿದೆಯೆಂದು ಲ್ಯಾನ್ಸೆಟ್‌ನಲ್ಲಿ ಬಂದ ಹೈಡ್ರಾಕ್ಸಿಕ್ಲೋರೋಕ್ವಿನ್ ಪ್ರಬಂಧವನ್ನು 2020ರ ಜೂನ್ 4ರಂದು ಹಿಂಪಡೆಯಬೇಕಾಯಿತು, ಏಕೆಂದರೆ ಮೂಲ ಮಾಹಿತಿಯನ್ನು ಪರಿಶೀಲನೆಗೆ ಒದಗಿಸಲಾಗಲಿಲ್ಲ.

ಉತ್ತರ 3: ಅಂದಿನ ಪಿಜಿ ವಿದ್ಯಾರ್ಥಿನಿ, ಈಗ ಹಾವೇರಿ ಜಿಲ್ಲೆಯಲ್ಲಿ ವೈದ್ಯೆ

ಹಿರಿಯರು ಹೇಳಿದ ಆ ಬೆವರುವ ಪಿಜಿ ನಾನೇ ಎಂದುಕೊಳ್ಳಿ. ಕೋವಿಡ್ ವಾರ್ಡಿನಿಂದ ಕಾಗದವನ್ನು ಹೊರಗೆ ತರುವಂತಿರಲಿಲ್ಲ. ಹಾಗಾಗಿ ಕೇಸ್ ಶೀಟನ್ನು ಗಾಜಿನ ಒಳಗಿನಿಂದ ಹಿಡಿದು ತೋರಿಸುತ್ತಿದ್ದೆವು, ಹೊರಗಿದ್ದವರು ಮೊಬೈಲಿನಲ್ಲಿ ಫೋಟೋ ತೆಗೆದು ಗುಂಪಿಗೆ ಹಾಕುತ್ತಿದ್ದರು. ರೋಗಿಯ ಹೆಸರು, ಊರು, ಫೋನ್ ನಂಬರು ಎಲ್ಲವೂ ಅದರಲ್ಲಿರುತ್ತಿತ್ತು. ಆ ಫೋಟೋಗಳು ಎಷ್ಟು ಜನರ ಫೋನುಗಳಲ್ಲಿ ಇನ್ನೂ ಉಳಿದಿವೆಯೋ! ಹೆಸರಿಗೂ ಅಧ್ಯಯನ ಸಂಖ್ಯೆಗೂ ನಂಟು ಹೇಳುವ ಪಟ್ಟಿ ಆಯಾ ಆಸ್ಪತ್ರೆಯಲ್ಲೇ ಬೀಗದೊಳಗಿರಲಿ, ಗುಂಪಿಗೆ ಸಂಖ್ಯೆ ಮಾತ್ರ ಹೋಗಲಿ. ಇದನ್ನು ಎಥಿಕ್ಸ್ ಕಮಿಟಿಗೆ ಕೊಡುವ ಅರ್ಜಿಯಲ್ಲೇ ಬರೆಯಿರಿ.

ಲೇಖಕರು ಯಾರೆಂಬುದನ್ನೂ ಮೊದಲ ಸಭೆಯಲ್ಲೇ ಬರೆದಿಡಿ ಎಂದು ಕೇಳಿಕೊಳ್ಳುತ್ತೇನೆ. ಮಾಹಿತಿ ಸಂಗ್ರಹಿಸಿದ ಮಾತ್ರಕ್ಕೆ ಯಾರೂ ಲೇಖಕರಾಗುವುದಿಲ್ಲ ಎಂಬುದು ಅಂತರರಾಷ್ಟ್ರೀಯ ನಿಯಮ, ಅದು ನನಗೂ ಗೊತ್ತು. ಆದರೆ ಕರಡನ್ನು ಓದಿ ತಿದ್ದುವ ಅವಕಾಶವನ್ನೇ ಕೊಡದೆ, ಆಮೇಲೆ ಅದೇ ನಿಯಮವನ್ನು ತೋರಿಸಿ ಹೆಸರು ಬಿಟ್ಟರೆ ಏನೆನ್ನಬೇಕು? ನಾನು ದುಡಿದ ಅಧ್ಯಯನವೊಂದರಲ್ಲಿ ಹಾಗೆಯೇ ಆಯಿತು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ರೆಫರಲ್ ಚೀಟಿಯ ಬಲ ಮೂಲೆಯಲ್ಲಿ ಅಧ್ಯಯನ ಸಂಖ್ಯೆಗೆ ಜಾಗ ಬಿಡುವುದಾಗಿ ಮೂರೂ ಕಡೆಯವರು ನಿನ್ನೆಯ ಸಭೆಯಲ್ಲಿ ಒಪ್ಪಿದ್ದಾರೆ. ನಮೂನೆಯನ್ನು ಎರಡು ಪುಟಕ್ಕೆ ಇಳಿಸಿದ್ದೇವೆ, ಗದಗಿನ ಸರ್ ಅದನ್ನೂ ಉದ್ದವೆನ್ನಬಹುದು. ಹೊಸ ರೋಗಿಗಳನ್ನು ಸೇರಿಸಿಕೊಳ್ಳುವ ಮೊದಲು, ಹಿಂದೆ ಹಾವೇರಿ ಕಡೆಯಿಂದ ಹುಬ್ಬಳ್ಳಿಗೆ ಬಂದ ಹತ್ತು ಜನ ಜ್ವರದ ರೋಗಿಗಳ ಹಳೆಯ ಕಡತಗಳನ್ನು ಎರಡೂ ಆಸ್ಪತ್ರೆಗಳಲ್ಲಿ ಬೇರೆ ಬೇರೆಯಾಗಿ ತುಂಬಿಸಿ ಹೋಲಿಸಿ ನೋಡುತ್ತೇವೆ. ಮೇಡಂ, 28ನೇ ದಿನಕ್ಕೆ ಫೋನ್ ಎತ್ತದವರನ್ನು ಹೇಗೆ ಬರೆಯಬೇಕು ಎಂಬುದೊಂದನ್ನು ತಿಳಿಸಿದರೆ ಕರಡನ್ನು ಎಥಿಕ್ಸ್ ಕಮಿಟಿಗೆ ಕಳುಹಿಸಬಹುದು.

ಉತ್ತರ: ಜೀವಸಂಖ್ಯಾಶಾಸ್ತ್ರ ಬೋಧಕಿ, ಧಾರವಾಡ

‘ತಿಳಿದಿಲ್ಲ’ ಎಂದೇ ಬರೆಯಿರಿ, ಕೊನೆಯದಾಗಿ ಜೀವಂತ ಇದ್ದುದು ಗೊತ್ತಿರುವ ದಿನಾಂಕವನ್ನು ಪಕ್ಕದಲ್ಲಿ ನಮೂದಿಸಿ. ಖಾಲಿ ಬಿಡಬೇಡಿ, ಖಾಲಿ ಜಾಗವನ್ನು ಕೇಳಲಿಲ್ಲವೆಂದು ಓದಬೇಕೋ ಸಿಗಲಿಲ್ಲವೆಂದು ಓದಬೇಕೋ ಆಮೇಲೆ ಯಾರಿಗೂ ತಿಳಿಯುವುದಿಲ್ಲ. ದಾಖಲಾಗುವಾಗಲೇ ಮನೆಯ ಇನ್ನೊಬ್ಬರ ಫೋನ್ ನಂಬರನ್ನೂ ಬರೆದುಕೊಳ್ಳಿ.