ಕರೆದರೆ ಬರಲೇಬೇಕೇ? ಆಂಬುಲೆನ್ಸ್, ಆಸ್ಪತ್ರೆ, ಪೊಲೀಸರ ಹೊಣೆಯ ಬಗ್ಗೆ ವಕೀಲರಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ಕೃಷಿಕ ಸದಸ್ಯರೊಬ್ಬರಿಂದ):
ನಮಸ್ಕಾರ ಸರ್. ಹದಿನೆಂಟು ದಿನಗಳ ಹಿಂದೆ ರಾತ್ರಿ ಹೆದ್ದಾರಿಯಲ್ಲಿ ನನ್ನ ಭಾವನ ಬೈಕಿಗೆ ಲಾರಿ ತಗುಲಿತು. ಬಲಗಾಲಿನ ಮೂಳೆ ಚರ್ಮ ಸೀಳಿಕೊಂಡು ಹೊರಗೆ ಬಂದಿತ್ತು. 9.10ಕ್ಕೆ ಆಂಬುಲೆನ್ಸ್‌ಗೆ ಕರೆ ಮಾಡಿದೆವು. ‘ಗಾಡಿ ಹೊರಟಿದೆ, ಅಲ್ಲೇ ಇರಿ’ ಎಂದರು. ಹತ್ತು ಗಂಟೆಯವರೆಗೂ ಅಲ್ಲೇ ಇದ್ದೆವು. ಕಡೆಗೆ ನಮ್ಮೂರಿನವರ ಪಿಕಪ್ ಗಾಡಿಯಲ್ಲಿ, ಟೊಮೆಟೊ ಕ್ರೇಟುಗಳನ್ನು ಪಕ್ಕಕ್ಕೆ ತಳ್ಳಿ, ಗೋಣಿಚೀಲದ ಮೇಲೆ ಮಲಗಿಸಿಕೊಂಡು ಹೋದೆವು. ಹೆದ್ದಾರಿ ಪಕ್ಕದ ಖಾಸಗಿ ಆಸ್ಪತ್ರೆಯವರು ಸ್ಟ್ರೆಚರನ್ನೂ ಹೊರಗೆ ತರಲಿಲ್ಲ. ‘ಅಪಘಾತದ ಕೇಸು, ಮೊದಲು ಪೊಲೀಸರಿಗೆ ತಿಳಿಸಿ, 30 ಸಾವಿರ ಕಟ್ಟಿ’ ಎಂದರು. ಅಲ್ಲಿಂದ ಸರ್ಕಾರಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಧ್ಯರಾತ್ರಿ. ಕಾಲು ಉಳಿದಿದೆ, ಮಡಚಲು ಆಗುತ್ತಿಲ್ಲ. ಇವರಿಗೆಲ್ಲ ಕಾನೂನಿನ ಪ್ರಕಾರ ಬರುವ, ನೋಡುವ ಹೊಣೆ ಇದೆಯೇ? ಅಥವಾ ಬಂದರೆ ನಮ್ಮ ಪುಣ್ಯವೇ?

ಉತ್ತರ (ವಕೀಲರು):
ಆಸ್ಪತ್ರೆಯ ವಿಷಯ ಮೊದಲು ಹೇಳುತ್ತೇನೆ, ಅಲ್ಲಿ ಗೊಂದಲವೇ ಇಲ್ಲ. ಬಾಗಿಲಿಗೆ ಬಂದ ಗಾಯಾಳುವನ್ನು ನೋಡಲೇಬೇಕು.

ಕಾರು ಬಡಿದ ಸ್ಕೂಟರ್ ಸವಾರನೊಬ್ಬನನ್ನು ಹತ್ತಿರದ ಆಸ್ಪತ್ರೆಗೆ ಒಯ್ದಾಗ, ಇಂಥ ಕೇಸು ನಾವು ತೆಗೆದುಕೊಳ್ಳುವುದಿಲ್ಲ ಎಂದು 20 ಕಿಲೋಮೀಟರ್ ದೂರದ ಇನ್ನೊಂದು ಆಸ್ಪತ್ರೆಗೆ ಅಟ್ಟಿದರು. ದಾರಿಯಲ್ಲೇ ಅವನ ಪ್ರಾಣ ಹೋಯಿತು. ಆ ಸುದ್ದಿಯನ್ನು ಹಿಡಿದು ಪರಮಾನಂದ ಕಟಾರಾ ಎಂಬವರು ಸುಪ್ರೀಂ ಕೋರ್ಟಿಗೆ ಹೋದರು. ಜೀವ ಉಳಿಸುವುದು ಮೊದಲು, ಪೊಲೀಸ್ ಕಾಗದಪತ್ರ ಆಮೇಲೆ, ಸರ್ಕಾರಿ ವೈದ್ಯರಿಗೂ ಖಾಸಗಿ ವೈದ್ಯರಿಗೂ ಇದು ಒಂದೇ ಎಂದು 1989ರಲ್ಲಿ ತೀರ್ಪಾಯಿತು. ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನಲ್ಲಿಯೂ ಇದೇ ಇದೆ: ಕರ್ತವ್ಯದಲ್ಲಿರುವ ವೈದ್ಯರು ಯಾವ ವಿಧಿವಿಧಾನಕ್ಕೂ ಕಾಯದೆ ಗಾಯಾಳುವಿಗೆ ಚಿಕಿತ್ಸೆ ಕೊಡಬೇಕು. ನಮ್ಮ ರಾಜ್ಯದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ 11ನೇ ಕಲಂ ಅಪಘಾತ, ಸುಟ್ಟಗಾಯ, ವಿಷಪ್ರಾಶನ, ಹಲ್ಲೆ ಎಂದು ಹೆಸರಿಸಿಯೇ, ಪ್ರಥಮ ಚಿಕಿತ್ಸೆ ಮತ್ತು ಜೀವ ಉಳಿಸುವ ಕ್ರಮ ಕಡ್ಡಾಯ ಎನ್ನುತ್ತದೆ. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ ಪ್ರಕರಣ) ಎಂದು ದಾಖಲಿಸಿ ಠಾಣೆಗೆ ತಿಳಿಸುವುದು ಆಸ್ಪತ್ರೆಯ ಕೆಲಸ. ರಕ್ತ ಸೋರುತ್ತಿರುವವನ ಭಾವಮೈದುನನನ್ನು ಠಾಣೆಗೆ ಓಡಿಸುವುದು ಎಲ್ಲಿಯ ನ್ಯಾಯ?

ಹಣದ ಮಾತು. ಕೋಲ್ಕತ್ತಾದಲ್ಲಿ ಬಸ್ಸು ಬಡಿದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನಿಗೆ ಚಿಕಿತ್ಸೆ ಶುರು ಮಾಡಿದ ಖಾಸಗಿ ಆಸ್ಪತ್ರೆ, 15,000 ರೂಪಾಯಿ ಕಟ್ಟಲಿಲ್ಲವೆಂದು ಅದನ್ನು ನಿಲ್ಲಿಸಿತು. ಕರೆತಂದವರು ಕೈಯಲ್ಲಿದ್ದ 2,000 ಕೊಟ್ಟರು, ಮೋಟಾರ್ ಸೈಕಲ್ ಅಡವಿಡುತ್ತೇವೆಂದರು. ಕೇಳಲಿಲ್ಲ. ಹುಡುಗ ತೀರಿಕೊಂಡ. ರಾಷ್ಟ್ರೀಯ ಗ್ರಾಹಕ ಆಯೋಗ 2005ರಲ್ಲಿ ತಂದೆತಾಯಿಗೆ 10 ಲಕ್ಷ ಕೊಡಿಸಿತು. ನಿಮ್ಮದೂ ಇದೇ ಜಾಡಿನ ಪ್ರಕರಣ. ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷ ಕಾಲಾವಕಾಶವಿದೆ. ಅದಕ್ಕೆ ಮುಂಚೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ಒಂದು ದೂರು ಕೊಡಿ. ಅರ್ಜಿ ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಯಲ್ಲಿ ಸಲ್ಲಿಸಿ, ಸೀಲು ಹಾಕಿದ ಪ್ರತಿ ಕೇಳಿ ಪಡೆಯಿರಿ. ಇನ್ನೊಂದು: 2025ರ ಮೇ ತಿಂಗಳಿಂದ, ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆಯ ಯೋಜನೆ ಇದೆ. ಕೌಂಟರಿನಲ್ಲಿ ಕುಳಿತವರು ತಾವಾಗಿ ಇದನ್ನು ಹೇಳುವುದು ಅಪರೂಪ.

ಇನ್ನು ಆಂಬುಲೆನ್ಸ್. ಇಷ್ಟು ನಿಮಿಷದಲ್ಲಿ ಬರಲೇಬೇಕು, ತಪ್ಪಿದರೆ ಇಷ್ಟು ದಂಡ ಎಂದು ರೋಗಿ ತೋರಿಸಬಹುದಾದ ಕಲಂ ನಮ್ಮಲ್ಲಿಲ್ಲ. ಆದರೆ ಜೀವದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿ ಇದೆ. ಪಶ್ಚಿಮ ಬಂಗಾಳದಲ್ಲಿ 1992ರಲ್ಲಿ ರೈಲಿನಿಂದ ಬಿದ್ದ ಕೃಷಿ ಕಾರ್ಮಿಕನೊಬ್ಬನನ್ನು ಹಾಸಿಗೆ ಇಲ್ಲ, ಸೌಲಭ್ಯ ಇಲ್ಲ ಎಂದು ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ವಾಪಸು ಕಳಿಸಿತು. ಅವನು ಸುಮಾರು 17,000 ಖರ್ಚು ಮಾಡಿ ಖಾಸಗಿ ಆಸ್ಪತ್ರೆಯಲ್ಲಿ ಬದುಕಿಕೊಂಡ. 1996ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದಿಂದ 25,000 ಪರಿಹಾರ ಕೊಡಿಸಿತು, ಹಣವಿಲ್ಲ ಎಂಬ ನೆಪ ಜೀವದ ಹಕ್ಕಿನ ಮುಂದೆ ನಡೆಯದು ಎಂದಿತು. ಆಂಬುಲೆನ್ಸ್ ವ್ಯವಸ್ಥೆ ಸರಿಪಡಿಸಬೇಕೆಂದೂ ಅದೇ ತೀರ್ಪಿನಲ್ಲಿದೆ. ಆ ದಾರಿ ಹಿಡಿಯುವುದಾದರೆ ಹೈಕೋರ್ಟಿನಲ್ಲಿ ರಿಟ್ (ಹಕ್ಕು ಜಾರಿ ಮಾಡಿಸುವ ಅರ್ಜಿ) ಹಾಕಬೇಕು.

ನಿಮ್ಮ ಬರಹದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ‘ಹೊರಟಿದೆ, ಅಲ್ಲೇ ಇರಿ’ ಎಂಬ ಮಾತು. ಲಂಡನ್ನಿನಲ್ಲಿ 1991ರಲ್ಲಿ ಉಬ್ಬಸ ಏರಿದ ಗರ್ಭಿಣಿಯೊಬ್ಬಳಿಗೆ ವೈದ್ಯೆಯೇ ಫೋನ್ ಮಾಡಿದರೂ ಆಂಬುಲೆನ್ಸ್ ಬರಲು ಸುಮಾರು 40 ನಿಮಿಷ ಹಿಡಿಯಿತು. ಇಷ್ಟು ತಡವೆಂದು ಮೊದಲೇ ಹೇಳಿದ್ದರೆ ಕಾರಿನಲ್ಲಿಯೇ ಕಳಿಸುತ್ತಿದ್ದೆ ಎಂದು ಆ ವೈದ್ಯೆ ಸಾಕ್ಷ್ಯ ಹೇಳಿದರು. ಬರುತ್ತೇವೆಂದು ಒಪ್ಪಿಕೊಂಡ ಮೇಲೆ ಆ ರೋಗಿಯ ಹೊಣೆ ಹೊತ್ತಂತೆಯೇ ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2000ದಲ್ಲಿ ತೀರ್ಮಾನಿಸಿತು. ಸಿಬ್ಬಂದಿ ದಾಖಲೆಯಲ್ಲಿ ತಲುಪಿದ ಸಮಯವನ್ನೇ ತಿದ್ದಿದ್ದೂ ಬಯಲಾಯಿತು. ಅದು ಇಲ್ಲಿನ ಕೋರ್ಟುಗಳನ್ನು ಕಟ್ಟಿಹಾಕುವ ತೀರ್ಪಲ್ಲ. ಆದರೂ ವಾದಕ್ಕೆ ಬಲ ಕೊಡುತ್ತದೆ, ಏಕೆಂದರೆ ಆ ಮಾತು ನಂಬಿಯೇ ನೀವು 50 ನಿಮಿಷ ಬೇರೆ ಗಾಡಿ ಹುಡುಕದೆ ಕುಳಿತಿರಿ.

ಪ್ರತಿಕ್ರಿಯೆ (ಆಂಬುಲೆನ್ಸ್ ಸಿಬ್ಬಂದಿಯಾಗಿದ್ದ ಸದಸ್ಯರು):
ಸರ್, ನಮ್ಮ ಕಡೆಯಿಂದಲೂ ಒಂದು ಮಾತು. ಒಂದೇ ಗಾಡಿ ಹೆರಿಗೆ ಕೇಸಿಗೆ ಹೋಗಿರುತ್ತದೆ, ಅಷ್ಟರಲ್ಲಿ ಇನ್ನೊಂದು ಕರೆ. ‘ಮಾರಮ್ಮನ ಗುಡಿ ಹತ್ತಿರ ಬನ್ನಿ’ ಎನ್ನುತ್ತಾರೆ. ಮಾರಮ್ಮನ ಗುಡಿ ಇಲ್ಲದ ಊರು ಯಾವುದಿದೆ ಹೇಳಿ! ಹೆದ್ದಾರಿಯಾದರೆ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿ. ಕರೆ ಬಂದ ಸಮಯ, ಗಾಡಿ ಹೊರಟ ಸಮಯ, ಸ್ಥಳ ಮುಟ್ಟಿದ ಸಮಯ ಎಲ್ಲವನ್ನೂ ನಾವು ಬರೆದಿಡುತ್ತಿದ್ದೆವು.

ಉತ್ತರ (ವಕೀಲರು):
ಸರಿಯಾದ ಮಾತು. ಗಾಡಿಯೇ ಖಾಲಿ ಇರದಿದ್ದರೆ ಚಾಲಕನ ತಪ್ಪು ಹೇಗಾದೀತು? ಆಗ ಪ್ರಶ್ನೆ ಸರ್ಕಾರದತ್ತ ತಿರುಗುತ್ತದೆ. ಯಾವುದು ನಿಜವೆಂದು ತಿಳಿಯಲು ನೀವು ಹೇಳಿದ ಆ ಸಮಯಗಳೇ ಬೇಕು. ಮಾಹಿತಿ ಹಕ್ಕಿನಲ್ಲಿ ಆರೋಗ್ಯ ಇಲಾಖೆಯಿಂದ ಅವನ್ನು ಕೇಳಬೇಕು.

ಪ್ರಶ್ನೆ (ಶಿಕ್ಷಕಿ):
ನಮ್ಮ ಎದುರು ಮನೆಯ ಬಾಡಿಗೆಯವರಲ್ಲಿ ಆಗಾಗ ರಾತ್ರಿ ಹೊಡೆತ, ಕಿರುಚಾಟ. ಎರಡು ಸಲ ಪೊಲೀಸರಿಗೆ ಕರೆ ಮಾಡಿದೆ. ಒಮ್ಮೆ ಬಂದವರು ‘ಗಂಡ ಹೆಂಡತಿ ಜಗಳ ಉಂಡು ಮಲಗುವ ತನಕ’ ಎಂದು ನಕ್ಕು ಹೋದರು. ಇನ್ನೊಮ್ಮೆ ಬರಲೇ ಇಲ್ಲ. ನಾಳೆ ಅವಳಿಗೆ ಏನಾದರೂ ಆದರೆ ಪೊಲೀಸರು ಜವಾಬ್ದಾರರಲ್ಲವೇ?

ಉತ್ತರ (ವಕೀಲರು):
ಮೇಡಂ, ಆ ಗಾದೆಯನ್ನು ಠಾಣೆಗಳಲ್ಲಿ ಕೇಳಿ ಕೇಳಿ ನನಗೆ ಸಾಕಾಗಿದೆ. ಸಂಜ್ಞೇಯ ಅಪರಾಧ, ಅಂದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧ, ನಡೆಯದಂತೆ ತಡೆಯುವುದು ಪ್ರತಿ ಪೊಲೀಸ್ ಅಧಿಕಾರಿಯ ಕೆಲಸ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 168ನೇ ಕಲಂ ‘ತಡೆಯತಕ್ಕದ್ದು’ ಎನ್ನುತ್ತದೆ, ‘ತಡೆಯಬಹುದು’ ಎಂದಲ್ಲ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯವೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲಿ ತೀರ್ಪಾಗಿದೆ. ವೈವಾಹಿಕ ಜಗಳದಂಥ ಕೆಲವು ಬಗೆಯ ಪ್ರಕರಣಗಳಲ್ಲಿ ಮೊದಲು ಪ್ರಾಥಮಿಕ ವಿಚಾರಣೆಗೆ ಅದೇ ತೀರ್ಪು ಜಾಗ ಬಿಟ್ಟಿದೆ, ಹಿಂಬರಹ (ದೂರಿಗೆ ಠಾಣೆಯ ಲಿಖಿತ ಉತ್ತರ) ಕೊಟ್ಟು ಕೈತೊಳೆದುಕೊಳ್ಳುವವರು ಅದನ್ನೇ ಹಿಡಿಯುತ್ತಾರೆ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಬರೆಯಿರಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು.

ಇಲ್ಲಿ ಒಂದು ಕಹಿ ವ್ಯತ್ಯಾಸವಿದೆ. ಕರ್ತವ್ಯ ಇರುವುದು ಬೇರೆ, ಅದು ತಪ್ಪಿದಾಗ ನೊಂದವರಿಗೆ ಹಣ ದೊರೆಯುವುದು ಬೇರೆ. ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿಯಲ್ಲಿ 1997ರಲ್ಲಿ 59 ಜನ ಸತ್ತರು. ಚಿತ್ರಮಂದಿರದ ಮಾಲೀಕರು ಮತ್ತು ವಿದ್ಯುತ್ ಮಂಡಳಿ ಪರಿಹಾರ ಕೊಡಬೇಕೆಂದ ಸುಪ್ರೀಂ ಕೋರ್ಟ್, ಪರವಾನಗಿ ನೀಡಿದ ಪೊಲೀಸರನ್ನೂ ಪಾಲಿಕೆಯನ್ನೂ 2011ರಲ್ಲಿ ಆ ಹೊರೆಯಿಂದ ಬಿಟ್ಟಿತು. ದುರುದ್ದೇಶವೋ ಅಧಿಕಾರದ ದುರುಪಯೋಗವೋ ಇಲ್ಲದೆ ಬರೀ ಅಜಾಗರೂಕತೆಗೆ ಪರಿಹಾರ ಕಟ್ಟಿಸಲಾಗದು ಎಂಬುದು ಕಾರಣ. ನನಗೆ ಆ ತೀರ್ಪು ಅಂದೂ ಒಪ್ಪಿಗೆಯಾಗಲಿಲ್ಲ, ಇಂದೂ ಇಲ್ಲ.

ಆದ್ದರಿಂದ ‘ನಾಳೆ ಏನಾದರೂ ಆದರೆ’ ಎಂಬಲ್ಲಿಗೆ ಕಾಯಬೇಡಿ. ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ನೆರೆಯವರೂ ರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು, ಸದುದ್ದೇಶದಿಂದ ಕೊಟ್ಟವರ ಮೇಲೆ ಮೊಕದ್ದಮೆ ಇಲ್ಲ. ನಮ್ಮ ತಾಲ್ಲೂಕುಗಳಲ್ಲಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ರಕ್ಷಣಾಧಿಕಾರಿ. ಕೋರ್ಟಿನ ರಕ್ಷಣಾ ಆದೇಶದಲ್ಲಿ ವಹಿಸಿದ ಕೆಲಸವನ್ನು ಅವರು ಕಾರಣವಿಲ್ಲದೆ ಮಾಡದಿದ್ದರೆ ಒಂದು ವರ್ಷದವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ. ಆದರೆ ಮೊದಲು ಆ ಹೆಣ್ಣುಮಗಳನ್ನು ಹಗಲು ಹೊತ್ತಿನಲ್ಲಿ ಒಂಟಿಯಾಗಿ ಮಾತನಾಡಿಸಿ. ಅವಳಿಗೆ ಏನು ಬೇಕೆಂದು ಕೇಳದೆ ಹೆಜ್ಜೆ ಇಡಬೇಡಿ.

ಪ್ರಶ್ನೆ (ಟೆಕ್ಸಾಸ್‌ನಲ್ಲಿರುವ ಸದಸ್ಯರು):
ಇಲ್ಲಿ ಅಮೆರಿಕದಲ್ಲಿ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿದರೆ ನಿಮಿಷಗಳಲ್ಲಿ ಬರುತ್ತಾರೆ. ಇಲ್ಲಿ ಕಾನೂನು ಗಟ್ಟಿ ಇರಬೇಕಲ್ಲವೇ?

ಉತ್ತರ (ವಕೀಲರು):
ಸೇವೆ ಚುರುಕಾಗಿರಬಹುದು, ಕಾನೂನು ತಿರುಗುಮುರುಗು. ಕೊಲರಾಡೊದ ಕ್ಯಾಸಲ್ ರಾಕ್ ಪಟ್ಟಣದಲ್ಲಿ 1999ರಲ್ಲಿ, ಕೋರ್ಟಿನ ತಡೆಯಾಜ್ಞೆ ಇದ್ದರೂ ಗಂಡ ಮೂವರು ಹೆಣ್ಣುಮಕ್ಕಳನ್ನು ಕರೆದೊಯ್ದ. ತಾಯಿ ರಾತ್ರಿಯಿಡೀ ಮತ್ತೆ ಮತ್ತೆ ಫೋನ್ ಮಾಡಿದಳು, ಠಾಣೆಗೂ ಹೋದಳು. ಬೆಳಗಿನ ಜಾವ ಅವನು ಠಾಣೆಗೇ ಬಂದು ಗುಂಡು ಹಾರಿಸಿದ, ಪೊಲೀಸರೊಂದಿಗಿನ ಗುಂಡಿನ ಚಕಮಕಿಯಲ್ಲಿ ಸತ್ತ. ಅವನ ಗಾಡಿಯಲ್ಲಿ ಮಕ್ಕಳ ಶವಗಳಿದ್ದವು. ತಡೆಯಾಜ್ಞೆಯನ್ನು ಜಾರಿ ಮಾಡಿಸಿಕೊಳ್ಳುವ ಸಾಂವಿಧಾನಿಕ ಹಕ್ಕು ಆ ತಾಯಿಗೆ ಇರಲಿಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 2005ರಲ್ಲಿ 7–2 ಬಹುಮತದಿಂದ ಹೇಳಿತು. ಪೊಲೀಸರ ಕರ್ತವ್ಯ ಸಮಾಜಕ್ಕೆ, ಒಬ್ಬೊಬ್ಬ ವ್ಯಕ್ತಿಗೆ ಅಲ್ಲ ಎಂಬ ತತ್ವ ಅಲ್ಲಿ ಹಳೆಯದು. ಬಂಧನದಲ್ಲಿರುವವರ ವಿಷಯ ಬೇರೆ, ಅವರನ್ನು ಕಾಯುವ ಹೊಣೆ ಸರ್ಕಾರದ್ದೇ. ರಾಜ್ಯದಿಂದ ರಾಜ್ಯಕ್ಕೆ ವಿನಾಯಿತಿಗಳಿವೆ, ನಿಮ್ಮ ರಾಜ್ಯದ್ದನ್ನು ಅಲ್ಲಿನ ವಕೀಲರನ್ನೇ ಕೇಳಿ.

ಪ್ರಶ್ನೆ (ಮೊದಲ ಸದಸ್ಯರು):
ಸರ್, ಸಮಯದ ದಾಖಲೆ ಎಂದಿರಿ. ಫೋನಿನಲ್ಲಿ 9.10ರ ಕರೆ ಹಾಗೇ ಇದೆ. ಪಿಕಪ್ ಗಾಡಿಯವರ ಮೊಬೈಲಿಗೆ ಟೋಲ್ ದಾಟಿದ ಫಾಸ್ಟ್ಯಾಗ್ ಸಂದೇಶ ಬಂದಿದೆ, 10.22. ಆ ಖಾಸಗಿ ಆಸ್ಪತ್ರೆ ಟೋಲ್ ಆಚೆಗೇ ಇರುವುದು.

ಉತ್ತರ (ವಕೀಲರು):
ಭೇಷ್! ಆ ಸಂದೇಶ ಅಳಿಸದಂತೆ ಅವರಿಗೆ ಈಗಲೇ ಹೇಳಿ. ಆಸ್ಪತ್ರೆಯ ಮುಂಬಾಗಿಲಿನ ಸಿಸಿಟಿವಿ ದೃಶ್ಯದ ಮೇಲೆ ಹೊಸ ದೃಶ್ಯ ಬಂದು ಕೂರುವ ಮುಂಚೆ, ಆ ರಾತ್ರಿಯ ತುಣುಕನ್ನು ಕಾದಿರಿಸಬೇಕೆಂದು ಆಸ್ಪತ್ರೆಗೆ ನಾಳೆ ಬೆಳಗ್ಗೆಯೇ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿ. ಹದಿನೆಂಟು ದಿನ ಆಗಿಹೋಗಿದೆ. ಸರ್ಕಾರಿ ಆಸ್ಪತ್ರೆಯ ಗಾಯ ಪ್ರಮಾಣಪತ್ರದಲ್ಲಿ ದಾಖಲಾದ ಸಮಯ ಎಷ್ಟು ಎಂದು ನೋಡಿ ಇಲ್ಲಿಯೇ ಬರೆಯಿರಿ.