ಅತಿಥಿಗಳ ಕೂದಲು, ಆನೆಯ ತಂಟೆ

ಸಕಲೇಶಪುರದ ಬಳಿ ಕಾಫಿ ತೋಟದ ನಡುವೆ ಇರುವ ಒಂದು ಹೋಂಸ್ಟೇಯ ಕೆಲಸದವರಿಗಾಗಿ ಇಂಗ್ಲಿಷಿನಲ್ಲಿ ಬರೆದ ಸೂಚನೆಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರಲ್ಲೊಂದು 'ಸ್ಟೇ ಔಟ್ ಆಫ್ ದ ಗೆಸ್ಟ್ಸ್ ಹೇರ್'. ಅತಿಥಿಗಳನ್ನು ಸುಮ್ಮಸುಮ್ಮನೆ ಕಾಡಬೇಡಿ ಎಂದು ಅರ್ಥ. ಮೊದಲು ಯಾರೋ ಮೊಬೈಲಿನಲ್ಲಿ ಅನುವಾದಿಸಿ 'ಅತಿಥಿಗಳ ಕೂದಲಿನಿಂದ ಹೊರಗಿರಿ' ಎಂದು ಅಡುಗೆಮನೆಯ ಗೋಡೆಗೆ ಅಂಟಿಸಿದ್ದರು. ಊಟದಲ್ಲಿ ಕೂದಲು ಸಿಕ್ಕಿದೆ ಎಂಬ ದೂರು ಬಂದಿರಬೇಕು ಎಂದುಕೊಂಡ ಅಡುಗೆಯವರು ಅಂದಿನಿಂದ ತಲೆಗೆ ಬಟ್ಟೆ ಕಟ್ಟಿಕೊಂಡೇ ಕಡುಬು ಬೇಯಿಸುತ್ತಿದ್ದಾರೆ. ಅದರಿಂದ ನಷ್ಟವೇನೂ ಇಲ್ಲ.

ನನಗೆ ಮೊದಲು ಹೊಳೆದದ್ದು 'ತಂಟೆಗೆ ಹೋಗಬೇಡಿ'. ಆದರೆ ತಂಟೆಯಲ್ಲಿ ಜಗಳದ ವಾಸನೆ ಇದೆ. ಕೆಲಸದವರು ಕಾಲು ಕೆರೆದು ನಿಂತಿದ್ದಾರೆ ಎಂಬಂತೆ ಕೇಳಿಸುತ್ತದೆ. 'ಗೋಜಿಗೆ ಹೋಗಬೇಡಿ' ಎಂದರೆ ಬಂದ ಅತಿಥಿಯೇ ತಲೆನೋವಾಗುತ್ತಾನೆ. 'ಅವರ ಉಸಾಬರಿ ಬೇಡ' ಎಂದು ಬರೆದರೆ ಕಾಫಿ ಕೇಳಿದರೂ ಯಾರೂ ಏಳಲಿಕ್ಕಿಲ್ಲ.

ಅದೇ ಹಾಳೆಯಲ್ಲಿ ಕಾಡಾನೆಗಳಿಗೆ 'ವೈಡ್ ಬರ್ತ್' ಕೊಡಬೇಕು, ಅಂದರೆ ಅವುಗಳಿಂದ ದೂರವಿರಬೇಕು ಎಂಬ ಸಾಲೂ ಇದೆ. ನಮಗೆ ಬರ್ತ್ ಎಂದರೆ ರೈಲಿನಲ್ಲಿ ಮಲಗುವ ಜಾಗ. ಇದು ನಾವಿಕರಿಂದ ಬಂದ ಮಾತು. ಲಂಗರು ಹಾಕಿದ ಹಡಗು ಗಾಳಿಗೂ ಉಬ್ಬರವಿಳಿತಕ್ಕೂ ಲಂಗರಿನ ಸುತ್ತ ತಿರುಗುತ್ತದೆ. ಉಳಿದ ಹಡಗುಗಳು ಅಷ್ಟು ಜಾಗ ಬಿಟ್ಟು ಸಾಗಬೇಕು. 17ನೇ ಶತಮಾನದಲ್ಲಿ ಆ ಜಾಗಕ್ಕೆ ಇದ್ದ ಹೆಸರು ಬರ್ತ್. ಇಲ್ಲಿ ಮಾತ್ರ ನಾನು ಕಣ್ಣು ಮುಚ್ಚಿ 'ಆನೆಯ ತಂಟೆಗೆ ಹೋಗಬೇಡಿ' ಎಂದು ಬರೆದೆ. ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರಿನ ಬಳಿ ಕಾಡಾನೆಯೊಡನೆ ಕಾದಾಡಿ ಸತ್ತ ಸೀಮೆ ಇದು. ಇಲ್ಲಿ ಯಾರಿಗೂ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಷ್ಟವಿರುವುದು ಅತಿಥಿಯ ವಿಷಯದಲ್ಲೇ. ಮಲೆನಾಡಿನಲ್ಲಿ ಉಪಚಾರವೆಂದರೆ ಪಕ್ಕದಲ್ಲೇ ನಿಲ್ಲುವುದು: ಬೇಡವೆಂದರೂ ಇನ್ನೊಂದು ಕಡುಬು ಹಾಕುವುದು, ಊರು ಯಾವುದು, ಮಕ್ಕಳೆಷ್ಟು ಎಂದು ವಿಚಾರಿಸುವುದು. ದೂರ ನಿಲ್ಲುವುದೂ ಉಪಚಾರವೇ ಎಂದು ಇಂಥವರಿಗೆ ತಿಳಿಸುವುದು ಹೇಗೆ? 'ಅವರ ಪಾಡಿಗೆ ಅವರನ್ನು ಬಿಡಿ' ಸರಿಹೋಗಬಹುದಿತ್ತು. ಆದರೆ ಹೊಟ್ಟೆಪಾಡು, ನಾಯಿಪಾಡುಗಳ ನೆರಳು ಅದರ ಮೇಲೆ ಬಿದ್ದು, ಕೈಬಿಟ್ಟಂತೆಯೂ ಕೇಳಿಸುತ್ತದೆ. 'ತಮ್ಮ ಪಾಡಿಗೆ ತಾವು' ಎಂದರೆ ಆ ನೆರಳಿಲ್ಲ, ಯಾಕೋ.

ಕೊನೆಗೆ ನನಗೆ ಒಗ್ಗಿದ್ದು ಮನೆಯಲ್ಲಿ ದಿನವೂ ಆಡುವ 'ಬಿಡಿ'. ಮಗು ಮಲಗಿರಲಿ ಬಿಡಿ, ಅಜ್ಜ ಜಗಲಿಯಲ್ಲಿ ಕುಳಿತಿರಲಿ ಬಿಡಿ ಎನ್ನುವಾಗ ಅಕ್ಕರೆಯೂ ಇದೆ, ಅಂತರವೂ ಇದೆ. ಹಾಗಾಗಿ ಸದ್ಯಕ್ಕೆ ಹೀಗೆ ಬರೆದಿದ್ದೇನೆ: 'ಅತಿಥಿಗಳು ತಮ್ಮ ಪಾಡಿಗೆ ತಾವು ಆರಾಮವಾಗಿರಲಿ ಬಿಡಿ, ಕರೆದಾಗ ಹೋಗಿ.'

ಒಂದು ಅನುಮಾನ ಉಳಿದಿದೆ. ಬರಿಯ 'ಇರಲಿ ಬಿಡಿ'ಗೆ 'ಹೋಗಲಿ, ಪರವಾಗಿಲ್ಲ' ಎಂಬ ಅರ್ಥವೂ ಇದೆಯಲ್ಲ, ಗೋಡೆಯ ಮೇಲೆ ಓದುವವರಿಗೆ ಈ ಸಾಲು ಉಡಾಫೆಯಾಗಿ ಕಾಣುತ್ತದೆಯೇ? ಮೂಡಿಗೆರೆ, ಕೊಪ್ಪದ ಕಡೆಯವರು, ಅರಸೀಕೆರೆಯ ಬಯಲುಸೀಮೆಯವರು ಇಂಥ ಕಡೆ ಬೇರೆ ಮಾತು ಬಳಸುವುದಿದ್ದರೆ ತಿಳಿಸಿ. ಭಾನುವಾರದೊಳಗೆ ಸಿಕ್ಕರೆ ಹೊಸ ಹಾಳೆಯಲ್ಲೇ ಸೇರಿಸುತ್ತೇನೆ.