ವಕೀಲರನ್ನ ಕೇಳಿ: ಆಫೀಸಿಗೆ ಕೋಟಿ ಸುರೀತಾರೆ, ನಮ್ ಬಿಲ್ ಮಾತ್ರ "ಮುಂದಿನ ತಿಂಗಳು"

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹೋದ ವಾರ ಒಬ್ರು ಹಾಕಿದ್ರಲ್ಲ, ಲಾಬಿಗೆ ಇಟಾಲಿಯನ್ ಮಾರ್ಬಲ್ ಹಾಕ್ಸಿರೋ ಕಂಪನಿ ಲೋಗೋ ಮಾಡಿದ ಹುಡುಗಿಗೆ ಎಂಟು ಸಾವಿರ ಕೊಟ್ಟಿಲ್ಲ ಅಂತ, ಅದರ ಕೆಳಗೆ ಗ್ರೂಪಲ್ಲಿ ಫ್ರೀಲಾನ್ಸ್ ಮಾಡೋ ಎಲ್ಲಾರ್ದೂ ಅದೇ ಕಥೆ ಬಂತು. ಅದಕ್ಕೇ ಮೈಸೂರು ಕೋರ್ಟಲ್ಲಿ ಪ್ರಾಕ್ಟೀಸ್ ಮಾಡೋ ನಮ್ ಗ್ರೂಪಿನ ವಕೀಲರು ಮೇಡಂ ಇವತ್ತು ಸಂಜೆ 7ರಿಂದ 9ರವರೆಗೆ ಉತ್ತರ ಕೊಡ್ತಾರೆ. ಕಂಪನಿ ಹೆಸರು ಬರೀಬೇಡಿ. ನಿಮ್ ಹೆಸರೂ ಬೇಡ, ಕೆಲಸ ಮತ್ತೆ ಊರು ಹಾಕಿ ಸಾಕು.

ಅನುವಾದಕಿ, ಕುವೆಂಪುನಗರ: ಮೇಡಂ ನಮಸ್ತೆ. ಒಂದು ಕಂಪನಿಗೆ ಆ್ಯಪ್‌ದು ಕನ್ನಡ ಅನುವಾದ ಮಾಡಿಕೊಟ್ಟೆ. ಪದಕ್ಕೆ 60 ಪೈಸೆ, 40 ಸಾವಿರ ಪದ, ಬಿಲ್ 24,000. ಐದು ತಿಂಗಳಾಯ್ತು. ಅಗ್ರಿಮೆಂಟ್ ಇಲ್ಲ, ಇ-ಮೇಲಲ್ಲಿ ರೇಟ್ ಒಪ್ಪಿದಾರೆ ಅಷ್ಟೇ. ಒಂದ್ಸಲ ಆಫೀಸಿಗೇ ಹೋದೆ. ರಿಸೆಪ್ಷನ್ನಲ್ಲಿ ಕೂರಿಸಿ ಕಾಫಿ ಕೊಟ್ರು, ಬಿಳೀ ಪಿಂಗಾಣಿ ಕಪ್ಪು, ಮೇಲೆ ಕಂಪನಿ ಹೆಸರು. ಒಂದೂವರೆ ಗಂಟೆ ಕೂತೆ, ಅಕೌಂಟ್ಸ್‌ನವರು ಹೊರಗೇ ಬರ್ಲಿಲ್ಲ. ಏನ್ ಮಾಡ್ಲಿ?

ವಕೀಲರು: ಮೇಲಲ್ಲಿ ರೇಟ್ ಒಪ್ಪಿ ಕೆಲಸ ತಗೊಂಡಿದ್ರೆ ಅದೇ ಕರಾರು. ಸ್ಟಾಂಪ್ ಪೇಪರ್ ಇಲ್ಲ ಅಂತ ಹೆದರಬೇಡಿ. ನಿಮಗೆ ಉದ್ಯಮ್ ರಿಜಿಸ್ಟ್ರೇಷನ್, ಅಂದ್ರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ನೋಂದಣಿ, ಇದೆಯಾ ಹೇಳಿ. ಇದ್ರೆ ಸಣ್ಣ ಉದ್ಯಮಗಳಿಗಿರೋ 2006ರ ಎಂಎಸ್‌ಎಂಇಡಿ ಕಾಯ್ದೆ ನಿಮ್ ಪರ ಇದೆ. ದಿನಾಂಕ ಬರಹದಲ್ಲಿ ಒಪ್ಪಿಲ್ಲ ಅಂದ್ರೆ ಕೆಲಸ ಸ್ವೀಕರಿಸಿ 15 ದಿನದೊಳಗೆ ದುಡ್ಡು ಕೊಡಬೇಕು, ಒಪ್ಪಿದ್ರೂ 45 ದಿನ ದಾಟಂಗಿಲ್ಲ. ದಾಟಿದ್ರೆ ಆರ್‌ಬಿಐ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಅದಕ್ಕಿಂತ ಅಕೌಂಟ್ಸ್‌ನವರಿಗೆ ನಾಟೋ ಮಾತು ಇನ್ನೊಂದಿದೆ. 2023ರ ಬಜೆಟ್‌ನಲ್ಲಿ ಆದಾಯ ತೆರಿಗೆ ಕಾಯ್ದೆಗೆ 43ಬಿ ಎಚ್ ಅಂತ ಒಂದು ಸೆಕ್ಷನ್ ಸೇರಿಸಿದ್ರು. ನಿಮ್ಮಂಥ ಸಣ್ಣ ಉದ್ಯಮಕ್ಕೆ ಆ ಗಡುವಿನೊಳಗೆ ಕೊಡದೆ ಮಾರ್ಚ್ 31 ದಾಟಿಸಿದ್ರೆ ಆ ಖರ್ಚನ್ನ ಅವರು ಆ ವರ್ಷದ ಲೆಕ್ಕದಲ್ಲಿ ತೋರಿಸಂಗಿಲ್ಲ, ಅಷ್ಟಕ್ಕೂ ಟ್ಯಾಕ್ಸ್ ಕಟ್ಟಬೇಕು. ಬಿಲ್ಲಲ್ಲೇ ಉದ್ಯಮ್ ನಂಬರ್ ಹಾಕಿ ಕಳಿಸಿ, ಅವರ ಆಡಿಟರೇ ಫೋನ್ ಮಾಡ್ಸಿ ಕೊಡಿಸ್ತಾರೆ.

ಅನುವಾದಕಿ, ಕುವೆಂಪುನಗರ: ಉದ್ಯಮ್ ಇಲ್ಲ ಮೇಡಂ. ಅದು ಫ್ಯಾಕ್ಟರಿಯವರಿಗೆ ಅಂದ್ಕೊಂಡಿದ್ದೆ 😔

ವಕೀಲರು: ಎಲ್ಲಾರೂ ಹಂಗೇ ಅಂದ್ಕೊಂಡಿರ್ತಾರೆ. ಸರ್ವೀಸ್ ಕೊಡೋರಿಗೂ ಇದೆ. ಆಧಾರ್, ಪ್ಯಾನ್ ಇದ್ರೆ ಆನ್‌ಲೈನಲ್ಲಿ ನೀವೇ ಮಾಡ್ಕೋಬಹುದು, ಒಂದು ಪೈಸೆ ಫೀಸ್ ಇಲ್ಲ, ಸೈಬರ್ ಸೆಂಟರಲ್ಲಿ 1,500 ಕೊಟ್ಟು ಬರಬೇಡಿ. ಆದ್ರೆ ಈಗ ಮಾಡ್ಸಿದ್ದು ಹಳೇ ಬಿಲ್ಲಿಗೆ ನಂಬ್ಕೊಳೋ ಹಂಗಿಲ್ಲ, ಆಮೇಲೆ ಮಾಡಿಸಿದ ರಿಜಿಸ್ಟ್ರೇಷನ್ ಹಿಂದಿನ ಕೆಲಸಕ್ಕೆ ಬರಲ್ಲ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ 24,000ಕ್ಕೆ ಲೀಗಲ್ ನೋಟಿಸ್, ಬಗ್ಗದಿದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವ್ಯಾಜ್ಯಪೂರ್ವ ಅರ್ಜಿ (ಕೇಸ್ ಹಾಕೋ ಮುಂಚೆ ಕೊಡೋದು) ಕೊಟ್ಟು ಲೋಕ ಅದಾಲತ್. ಹೆಣ್ಮಕ್ಕಳಿಗೆ ಆದಾಯ ಎಷ್ಟೇ ಇದ್ರೂ ಅಲ್ಲಿ ವಕೀಲರು ಉಚಿತ. ನಾಚ್ಕೋಬೇಡಿ, ಅದು ನಿಮ್ ಹಕ್ಕು.

ವಿಡಿಯೋ ಎಡಿಟರ್, ಸರಸ್ವತಿಪುರಂ: ಮೇಡಂ ನಂದು 2 ವರ್ಷದ ಹಿಂದಿನ ಬಿಲ್, ಈಗ ಕೇಳಬಹುದಾ?

ವಕೀಲರು: ಬಾಕಿ ಬಿದ್ದ ದಿನದಿಂದ 3 ವರ್ಷ. ಬೇಗ ಮಾಡಿ.

ಕಂಟೆಂಟ್ ರೈಟರ್, ಹೂಟಗಳ್ಳಿ: ಈಗ ಉದ್ಯಮ್ ಮಾಡ್ಸಿದ್ರೆ ಹಳೇ ಬಿಲ್ಲಿಗೆ ಬರುತ್ತಾ ಮೇಡಂ

ವಕೀಲರು: ಈಗಷ್ಟೇ ಹೇಳಿದೆ. ಇಲ್ಲ.

ವಾಯ್ಸ್ ಓವರ್, ಗೋಕುಲಂ: ಮೇಡಂ ಒಂದು ಪ್ರಶ್ನೆ. ಮೂರು ವರ್ಷದ ಹಿಂದೆ ಒಂದು ಕಂಪನಿ ಕಸ್ಟಮರ್ ಕೇರ್ ಲೈನಿಗೆ ದನಿ ಕೊಟ್ಟೆ, 4,000 ಕೊಟ್ರು. ಈಗ ಅದೇ ದನಿ ನಾನು ಹೇಳದೇ ಇರೋ ಮಾತೆಲ್ಲ ಹೇಳ್ತಿದೆ, ಎಐ ಮಾಡ್ಸಿದಾರೆ ಅನ್ಸುತ್ತೆ. ನಂಗೆ ಏನಾದ್ರೂ ಹಕ್ಕಿದೆಯಾ?

ಗೋಡೆ ಚಿತ್ರಗಾರ, ಮಂಡ್ಯ: ನಮಸ್ಕಾರ ಮೇಡಂ. ಒಸಿ ಉದ್ದ ಐತೆ, ಬೇಜಾರ್ ಮಾಡ್ಕೋಬೇಡಿ. ಮೈಸೂರಿನ ಕಾವಾ ಕಲಾ ಕಾಲೇಜಲ್ಲಿ ಓದಿದ್ದು ನಾನು. ಮೈಸೂರಿನ ಹೆಬ್ಬಾಳ ಕಡೆ ಒಂದು ಕಂಪನಿಯವ್ರು ಹೊಸ ಆಫೀಸ್ ಕಟ್ಟವ್ರೆ, ಲಾಬಿ ಗೋಡೆಗೆ ಚಿತ್ರ ಬೇಕು ಅಂದ್ರು. 22 ಅಡಿ ಅಗಲ 9 ಅಡಿ ಎತ್ತರ. ಚಾಮುಂಡಿ ಬೆಟ್ಟದ ಮೆಟ್ಲು, ನಂದಿ, ಕೆಳಗೆ ದೇವರಾಜ ಮಾರ್ಕೆಟ್ಟಲ್ಲಿ ಹೂ ಕಟ್ಟೋ ಹೆಂಗಸ್ರು. 1,80,000ಕ್ಕೆ ಮಾತಾಯ್ತು, 30,000 ಅಡ್ವಾನ್ಸು. ಹಗಲೊತ್ತು ಸ್ಟಾಫ್ ಇರ್ತಾರೆ ಅಂತ 26 ರಾತ್ರಿ ಮಾಡಿದೀನಿ, ಬಣ್ಣ ನಂದು, ಸಾರ್ವೆ ಬಾಡಿಗೆ ನಂದು. ಹೂ ಕಟ್ಟೋರಲ್ಲಿ ಒಬ್ರ ಕೈ ನಮ್ಮವ್ವಂದು, ಬೆರಳಿಗೆ ನಾರು ಸುತ್ಕೊಂಡಿರೋದು ಹಂಗೇ ಬರ್ದಿದೀನಿ. ಎಂಡಿ ಬಂದು ದೀಪ ಹಚ್ಚಿ ಉದ್ಘಾಟನೆ ಮಾಡಿ ಫೋಟೋ ಹಾಕ್ಕೊಂಡ್ರು. ಏಳು ತಿಂಗಳಾಯ್ತು, ಬಾಕಿ 1,50,000 ಬಂದಿಲ್ಲ. ವೆಂಡರ್ ಕೋಡ್ ಆಗಿಲ್ಲ ಅಂತಾರೆ, ಅಪ್ರೂವಲ್ ಬೆಂಗಳೂರಿಂದ ಬರಬೇಕು ಅಂತಾರೆ. ಡೈರಿ ಮೇಲೆ ನನ್ ಚಿತ್ರ ಪ್ರಿಂಟ್ ಮಾಡವ್ರೆ, ಹೆಸರಿಲ್ಲ. ಈಗ ಆ ಗೋಡೆಗೆ ದೊಡ್ಡ ಟಿವಿ ಸ್ಕ್ರೀನ್ ಕೂರಿಸ್ತಾರಂತೆ, ಶನಿವಾರ ಡ್ರಿಲ್ಲಿಂಗ್ ಅಂತೆ. ಮೇಡಂ, ಸೆಕ್ಯೂರಿಟಿ ಅಣ್ಣ ನಂಗೆ ಪರಿಚಯ. ರಾತ್ರಿ ಹೋಗಿ ನಾನೇ ಸುಣ್ಣ ಬಳ್ದು ಬಂದ್ಬುಡ್ಲಾ? ಅವ್ರು ತೂತು ಕೊರೆಯೋದ್ ನೋಡಕ್ಕಾಗಲ್ಲ.

ವಕೀಲರು: ಬೇಡ. ಮೊದಲನೇ ಮಾತು ಇದು. ಆ ಗೋಡೆ ಮುಟ್ಟಬೇಡ, ಆ ಗೇಟಿನ ಹತ್ರಾನೂ ರಾತ್ರಿ ಹೋಗಬೇಡ. ಒಳಗೆ ಕಾಲಿಟ್ರೆ ಅತಿಕ್ರಮ ಪ್ರವೇಶ, ಸುಣ್ಣ ಬಳಿದ್ರೆ ಆಸ್ತಿ ಹಾನಿ, ಇವತ್ತು ಬಾಕಿ ಕೊಡಬೇಕಾದವರು ಅವರು, ನಾಳೆ ಆರೋಪಿ ನೀನಾಗ್ತೀಯ, ಆ ಸೆಕ್ಯೂರಿಟಿಯವನ ಕೆಲಸಾನೂ ಹೋಗುತ್ತೆ. ಉದ್ಯಮ್ ಇದೆಯಾ?

ಗೋಡೆ ಚಿತ್ರಗಾರ, ಮಂಡ್ಯ: ಐತೆ ಮೇಡಂ. 2022ರಲ್ಲಿ ಸ್ಪ್ರೇ ಮಿಷನ್ ಲೋನಿಗೆ ಬ್ಯಾಂಕ್‌ನವ್ರೇ ಮಾಡ್ಸಿದ್ರು.

ವಕೀಲರು: ಒಳ್ಳೇದಾಯ್ತು. ಈಗ ನಿಧಾನಕ್ಕೆ ಓದು, ಎರಡು ವಿಷಯ ಬೇರೆ ಬೇರೆ ಇಟ್ಕೋ.

ದುಡ್ಡಿನದು: ಕೆಲಸ ಒಪ್ಪಿಸಿ 15 ದಿನದಲ್ಲಿ ಅವರು ಬರಹದಲ್ಲಿ ತಕರಾರು ಎತ್ತಿಲ್ಲ ಅಂದ್ರೆ ಸ್ವೀಕರಿಸಿದ್ದಾರೆ ಅಂತಲೇ ಕಾಯ್ದೆ ಲೆಕ್ಕ. ನಿಂಗೆ ಉದ್ಘಾಟನೆ ಫೋಟೋ ಬೇರೆ ಇದೆ. ಸಣ್ಣ ಉದ್ಯಮಗಳ ಬಾಕಿ ಕೇಸ್ ನೋಡೋ ಫೆಸಿಲಿಟೇಷನ್ ಕೌನ್ಸಿಲ್‌ಗೆ ಆನ್‌ಲೈನಲ್ಲಿ ಅರ್ಜಿ ಹಾಕೋಣ, ಗೊತ್ತಾಗದಿದ್ರೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳು. 90 ದಿನದಲ್ಲಿ ಮುಗೀಬೇಕು ಅಂತ ಕಾಯ್ದೆ ಹೇಳುತ್ತೆ, ಅದಕ್ಕಿಂತ ಜಾಸ್ತೀನೇ ಹಿಡಿಯುತ್ತೆ, ಸುಳ್ಳು ಭರವಸೆ ಕೊಡಲ್ಲ. ಆದೇಶ ನಿನ್ನ ಕಡೆ ಆಗಿ ಅವರು ಪ್ರಶ್ನೆ ಮಾಡಬೇಕು ಅಂದ್ರೆ 75% ದುಡ್ಡು ಮೊದಲು ಠೇವಣಿ ಇಡಬೇಕು. ಬಣ್ಣ, ಸಾರ್ವೆ ಎಲ್ಲಾ ನಿಂದೇ ಆದ್ದರಿಂದ ಇದು ವರ್ಕ್ಸ್ ಕಾಂಟ್ರಾಕ್ಟ್ (ಸಾಮಾನು, ಕೆಲಸ ಎರಡೂ ಸೇರಿದ ಗುತ್ತಿಗೆ), ಈ ಕಾಯ್ದೆಗೆ ಬರಲ್ಲ ಅಂತ ಅವರ ವಕೀಲರು ಎತ್ತಬಹುದು. ಅದಕ್ಕೆ ನಾವು ತಯಾರಿರಬೇಕು.

ಚಿತ್ರದ್ದು: ಇಲ್ಲಿ ಹುಷಾರು. ಬರಹಗಾರರಿಗೆ 1957ರ ಕಾಪಿರೈಟ್ ಕಾಯ್ದೆ ಚೆನ್ನಾಗಿದೆ, ಫ್ರೀಲಾನ್ಸ್ ಬರೆದದ್ದು ಬರೆದವರದೇ, ಸಹಿ ಹಾಕಿ ಬರಹದಲ್ಲಿ ವರ್ಗಾಯಿಸೋ ತನಕ. ಆದ್ರೆ ದುಡ್ಡಿಗೆ ಹೇಳಿ ಮಾಡಿಸಿದ ಪೇಂಟಿಂಗ್, ಫೋಟೋಗಳಿಗೆ ಸೆಕ್ಷನ್ 17ಬಿ ಇದೆ, ಬೇರೆ ಒಪ್ಪಂದ ಇಲ್ಲದಿದ್ರೆ ಕಾಪಿರೈಟ್ ಮಾಡಿಸಿದವರದು. ದುಡ್ಡೇ ಪೂರ್ತಿ ಕೊಟ್ಟಿಲ್ವಲ್ಲ ಅಂತ ನಾವು ಕೇಳ್ತೀವಿ, ಕೊಡ್ತೀವಿ ಅಂತ ಒಪ್ಪಿದ್ದೂ ಪ್ರತಿಫಲವೇ ಅಂತ ಅವರು ಹೇಳ್ತಾರೆ. ಹಾಗಾಗಿ ನಾನು ಸೆಕ್ಷನ್ 57 ಹಿಡೀತೀನಿ. ಕಾಪಿರೈಟ್ ಯಾರದೇ ಆಗಿರ್ಲಿ, ಇದು ನನ್ನ ಕೃತಿ ಅಂತ ಹೇಳ್ಕೊಳೋ ಹಕ್ಕು, ನನ್ನ ಗೌರವಕ್ಕೆ ಧಕ್ಕೆ ಆಗೋ ಹಾಗೆ ವಿರೂಪ ಮಾಡಬೇಡಿ ಅನ್ನೋ ಹಕ್ಕು ಕಲಾವಿದನದು. ಅಮರ್‌ನಾಥ್ ಸೆಹಗಲ್ ಅಂತ ಶಿಲ್ಪಿ, ದೆಹಲಿ ವಿಜ್ಞಾನ ಭವನಕ್ಕೆ ದೊಡ್ಡ ಕಂಚಿನ ಭಿತ್ತಿ ಮಾಡಿದ್ರು. 1979ರಲ್ಲಿ ಅದನ್ನ ಕಿತ್ತು ಗೋದಾಮಿಗೆ ಹಾಕಿದ್ರು. ದೆಹಲಿ ಹೈಕೋರ್ಟ್ 2005ರಲ್ಲಿ ಉಳಿದದ್ದನ್ನ ವಾಪಸ್ ಕೊಡಿ, 5 ಲಕ್ಷ ಪರಿಹಾರ ಕೊಡಿ ಅಂತು, ಎದುರಿಗಿದ್ದಿದ್ದು ಕೇಂದ್ರ ಸರ್ಕಾರ. ಅದೇ ಹೈಕೋರ್ಟ್ 2019ರಲ್ಲಿ ಪ್ರಗತಿ ಮೈದಾನದ ಹಾಲ್ ಆಫ್ ನೇಷನ್ಸ್ ಕೆಡವಿದ್ದಕ್ಕೆ ವಾಸ್ತುಶಿಲ್ಪಿ ಪರ ಹೇಳಲಿಲ್ಲ, ಅದೂ ನಮ್ ಎದುರಿಗೆ ಬರುತ್ತೆ. ಇನ್ನೊಂದು ಸೂಕ್ಷ್ಮ ಇದೆ. ಚಿತ್ರ ತೋರಿಸದೇ ಇರೋದು, ಅಂದ್ರೆ ಮುಂದೆ ಸ್ಟ್ಯಾಂಡ್ ಇಟ್ಟು ಸ್ಕ್ರೀನ್ ನಿಲ್ಲಿಸಿ ಮರೆ ಮಾಡೋದು ತಪ್ಪಲ್ಲ ಅಂತ ಸೆಕ್ಷನ್ನೇ ಹೇಳುತ್ತೆ. ಡ್ರಿಲ್ ಹೊಡೆಯೋದು ಬೇರೆ ಮಾತು. ಅದಕ್ಕೇ ಡ್ರಿಲ್ಲಿಂಗ್ ಮುಂಚೆ ತಡೆಯಾಜ್ಞೆ ಕೇಳಬೇಕು. ನೀನು ಮಂಡ್ಯದಲ್ಲಿ ವಾಸ ಇದ್ರೆ ಮಂಡ್ಯ ಜಿಲ್ಲಾ ಕೋರ್ಟಲ್ಲೇ ದಾವೆ ಹಾಕಕ್ಕೆ ಸೆಕ್ಷನ್ 62 ಅವಕಾಶ ಕೊಟ್ಟಿದೆ. ವಾಟ್ಸಾಪ್ ಚಾಟ್ ಡಿಲೀಟ್ ಮಾಡಬೇಡ, ಫೋನ್ ಬದಲಾಯಿಸಬೇಡ, ರಿಪೇರಿಗೂ ಕೊಡಬೇಡ. ಬರೀ ಸ್ಕ್ರೀನ್‌ಶಾಟ್ ಸಾಲಲ್ಲ, ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಸರ್ಟಿಫಿಕೇಟ್, ಅಂದ್ರೆ ಆ ಚಾಟ್ ಈ ಫೋನಿಂದಲೇ ತೆಗೆದದ್ದು ಅನ್ನೋ ದೃಢೀಕರಣ, ಜೊತೆಗೆ ಕೊಡಬೇಕು.

ಪ್ರೊಡಕ್ಟ್ ಫೋಟೋಗ್ರಾಫರ್, ಮದ್ದೂರು: ಮೇಡಂ ನಾನ್ ತೆಗ್ದಿರೋ ಫೋಟೋ ರಿಂಗ್ ರೋಡ್ ಹೋರ್ಡಿಂಗಲ್ಲಿ ಹಾಕವ್ರೆ, ಕಾಪಿರೈಟ್ ಯಾರ್ದು

ವಕೀಲರು: ಮೇಲೆ ಬರೆದಿದೀನಿ. 17ಬಿ. ಓದಿ.

ಹಿರಿಯ ಸದಸ್ಯರು, ಜಯಲಕ್ಷ್ಮೀಪುರಂ: ಎಲ್ಲರಿಗೂ ಉಪಯೋಗ ಆಗಲಿ 🙏 ಫಾರ್ವರ್ಡ್: "ಪೇಮೆಂಟ್ ಕೊಡದ ಕಂಪನಿಗೆ ಎನ್‌ಸಿಎಲ್‌ಟಿ ನೋಟಿಸ್ ಕಳಿಸಿ, 10 ದಿನದಲ್ಲಿ ಹಣ ಗ್ಯಾರಂಟಿ. ನಿಮ್ಮ ಕೃತಿಯನ್ನು ನಿಮಗೇ ಪೋಸ್ಟ್ ಮಾಡಿಕೊಂಡು ಕವರ್ ಒಡೆಯದೆ ಇಟ್ಟರೆ ಅದೇ ಕಾಪಿರೈಟ್. ಕಂಪನಿ ಹೆಸರು, ಮಾಲೀಕರ ಫೋಟೋ ಎಲ್ಲಾ ಗ್ರೂಪಿಗೆ ಹಾಕಿ. 10 ಜನಕ್ಕೆ ಶೇರ್ ಮಾಡಿ."

ವಕೀಲರು: ಸಾರ್, ದಯವಿಟ್ಟು ಇದನ್ನ ಡಿಲೀಟ್ ಮಾಡಿ. ಆ ಎನ್‌ಸಿಎಲ್‌ಟಿ ಅಂದ್ರೆ ಕಂಪನಿ ದಿವಾಳಿ ಕೇಸ್ ನೋಡೋ ನ್ಯಾಯಮಂಡಳಿ. ದಿವಾಳಿ ಕಾಯ್ದೆಯಲ್ಲಿ ಅಲ್ಲಿ ಅರ್ಜಿ ಹಾಕಕ್ಕೆ ಬಾಕಿ ಕನಿಷ್ಠ 1 ಕೋಟಿ ಇರಬೇಕು, 2020ರ ಮಾರ್ಚಿಂದ. ಇಲ್ಲಿ ಯಾರ ಬಿಲ್ ಒಂದು ಕೋಟಿ ಇದೆ? ಇಂಥದ್ದೇ ಫಾರ್ವರ್ಡ್ ನಂಬಿ ಒಬ್ಬ ಹುಡುಗ ನೋಟಿಸ್ ಡ್ರಾಫ್ಟಿಗೆ ಅಂತ ಯಾರಿಗೋ 6,000 ಕೊಟ್ಟು ನನ್ ಹತ್ರ ಬಂದಿದ್ದ. ಕಾಪಿರೈಟ್ ಕೃತಿ ಹುಟ್ಟಿದ ಕೂಡಲೇ ಹುಟ್ಟುತ್ತೆ, ಕವರಿಂದ ಅಲ್ಲ. ಇನ್ನು ಮಾಲೀಕರ ಫೋಟೋ ಹಾಕಿ ಕಳ್ಳ ಅಂತ ಬರೆದ್ರೆ ಮಾನನಷ್ಟದ ಕೇಸ್ ನಿಮ್ಮ ಮೇಲೆ. ಬಿಲ್ ಇರೋದು 8 ಸಾವಿರದ್ದು, ಓಡಾಡೋದು ಎರಡು ವರ್ಷ.

ಹಿರಿಯ ಸದಸ್ಯರು, ಜಯಲಕ್ಷ್ಮೀಪುರಂ: ಒಳ್ಳೇ ಉದ್ದೇಶದಿಂದ ಹಾಕಿದ್ದಮ್ಮ. ಅಷ್ಟು ಗದರಬೇಕಾ.

ಏಜೆನ್ಸಿ ಓನರ್, ವಿಜಯನಗರ: ಎಲ್ಲಾರೂ ಕಂಪನಿಯವರನ್ನೇ ಬೈತಿದೀರ, ಒಂದ್ ಮಾತು ಹೇಳ್ತೀನಿ. ಆಫೀಸ್ ಚೆನ್ನಾಗಿಲ್ಲ ಅಂದ್ರೆ ಬೆಂಗಳೂರಿನ ಕ್ಲೈಂಟ್ ಒಳಗೇ ಬರಲ್ಲ. ನಾನು ಇಂಟೀರಿಯರ್‌ಗೆ 14 ಲಕ್ಷ ಹಾಕಿದೀನಿ, ಲೋನ್. ಕ್ಲೈಂಟ್ ನಂಗೆ 90 ದಿನಕ್ಕೆ ಕೊಟ್ರೆ ನಾನು ಫ್ರೀಲಾನ್ಸರ್‌ಗೆ ಎಲ್ಲಿಂದ ತರ್ಲಿ?

ಅನುವಾದಕಿ, ಕುವೆಂಪುನಗರ: ಬಡಗಿಗೆ 90 ದಿನ ಅಂದ್ರಾ ಸಾರ್? ಮಾರ್ಬಲ್ ಅಂಗಡಿಯವರು ಅಡ್ವಾನ್ಸ್ ಇಲ್ದೆ ಲೋಡ್ ಇಳಿಸಿದ್ರಾ? ಎಸಿಯವರು? ಅವರಿಗೆಲ್ಲಾ ಇತ್ತು ನಿಮ್ ಹತ್ರ ದುಡ್ಡು.

ಏಜೆನ್ಸಿ ಓನರ್, ವಿಜಯನಗರ: ಅದು ಕ್ಯಾಪಿಟಲ್ ಖರ್ಚು ಮೇಡಂ, ಬೇರೆ. ಬಿಸಿನೆಸ್ ಮಾಡಿ ನೋಡಿ ಗೊತ್ತಾಗುತ್ತೆ.

ಅನುವಾದಕಿ, ಕುವೆಂಪುನಗರ: ನಾನು ಹೋದ ಆಫೀಸಲ್ಲಿ ಮೀಟಿಂಗ್ ರೂಮಿನ ಒಂದು ಕುರ್ಚಿ 38,000 ಅಂತ ಅಲ್ಲಿಯವರೇ ಹೇಳಿದ್ರು, ಹನ್ನೆರಡು ಕುರ್ಚಿ ಇತ್ತು. 60 ಪೈಸೆ ಲೆಕ್ಕದಲ್ಲಿ ಒಂದು ಕುರ್ಚಿಗೆ ನಾನು 63 ಸಾವಿರ ಪದ ಮಾಡ್ಬೇಕು. ದಿನಕ್ಕೆ 2 ಸಾವಿರ ಪದ ಅಂದ್ರೂ ಒಂದು ತಿಂಗಳ ಮೇಲೆ. ನನ್ ಬೆನ್ನು ನೋವಿಗೆ ನಾನು ಪ್ಲಾಸ್ಟಿಕ್ ಚೇರ್ ಮೇಲೆ ದಿಂಬಿಟ್ಟು ಕೂರ್ತೀನಿ.

ವಿಡಿಯೋ ಎಡಿಟರ್, ಸರಸ್ವತಿಪುರಂ: ಅಕ್ಕಾ ತಪ್ಪು ತಿಳ್ಕೋಬೇಡಿ, 60 ಪೈಸೆಗೆ ನೀವು ಒಪ್ಪಿದ್ರಿಂದ ತಾನೇ ರೇಟ್ ಬಿದ್ದಿರೋದು. ಮೈಸೂರಲ್ಲಿ ಚೀಪ್ ಆಗಿ ಸಿಗುತ್ತೆ ಅಂತ್ಲೇ ಬೆಂಗಳೂರಿಂದ ಬರ್ತಾರೆ.

ಅನುವಾದಕಿ, ಕುವೆಂಪುನಗರ: ಮನೆ ಬಾಡಿಗೆ ನೀವು ಕಟ್ತೀರಾ? ಕಟ್ಟೋದಾದ್ರೆ ನಾಳೆಯಿಂದ 3 ರೂಪಾಯಿ ಕೇಳ್ತೀನಿ.

ಕಂಟೆಂಟ್ ರೈಟರ್, ಹೂಟಗಳ್ಳಿ: ಅಣ್ಣ ನೀನೇ ಹೋದ ತಿಂಗಳು 500 ರೂಪಾಯಿಗೆ ರೀಲ್ ಎಡಿಟ್ ಮಾಡ್ಕೊಡ್ತೀನಿ ಅಂತ ಇದೇ ಗ್ರೂಪಲ್ಲಿ ಹಾಕಿದ್ದೆ

ವಿಡಿಯೋ ಎಡಿಟರ್, ಸರಸ್ವತಿಪುರಂ: ಅದು ಆಫರ್ ಇತ್ತು. ಸುಮ್ನೆ ಬಾಯಿ ಹಾಕ್ಬೇಡ.

ವಾಯ್ಸ್ ಓವರ್, ಗೋಕುಲಂ: ಮೇಡಂ ನನ್ ಪ್ರಶ್ನೆ ಮೇಲೆ ಹೋಗ್ಬಿಡ್ತು ಅನ್ಸುತ್ತೆ, ದನಿ ವಿಷಯ.

ಏಜೆನ್ಸಿ ಓನರ್, ವಿಜಯನಗರ: ನನ್ನನ್ನ ಕಳ್ಳನ ತರ ಮಾಡಿದ್ರಿ. ಈ ಗ್ರೂಪಲ್ಲಿ ಆರು ಜನಕ್ಕೆ ನಾನೇ ಕೆಲಸ ಕೊಟ್ಟಿರೋದು.

ಪ್ರೊಡಕ್ಟ್ ಫೋಟೋಗ್ರಾಫರ್, ಮದ್ದೂರು: ಕೊಟ್ಟಿದೀರ ಸಾರ್. ನನ್ ನವೆಂಬರ್ ಬಿಲ್ಲೂ ಒಸಿ ನೋಡಿ ಮತ್ತೆ.

ಅಡ್ಮಿನ್: ಪರ್ಸನಲ್ ಬೇಡ. ಪ್ರಶ್ನೆ ಮಾತ್ರ ಹಾಕಿ ದಯವಿಟ್ಟು.

ವಕೀಲರು: ಏಜೆನ್ಸಿ ಸಾರ್, ಕ್ಲೈಂಟ್ ಕೊಟ್ಟಿಲ್ಲ ಅನ್ನೋದು ಕಾಯ್ದೆಯಲ್ಲಿ ಕಾರಣವೇ ಅಲ್ಲ. ಕೆಲಸ ಹೇಳಿದವರು ನೀವು, ಕೊಡಬೇಕಾದವರು ನೀವು. ಉಳಿದೋರು ಜಗಳ ಆಡೋ ಹೊತ್ತಲ್ಲಿ ಒಂದೊಂದು ಪರ್ಚೇಸ್ ಆರ್ಡರ್ (ಕೆಲಸ, ರೇಟ್ ಬರೆದಿರೋ ಆರ್ಡರ್) ಕೇಳಿ ಮೇಲ್ ಹಾಕಿದ್ರೆ ಆಗ್ತಿತ್ತು. ಅರ್ಧ ಅಡ್ವಾನ್ಸ್ ಬರದೆ ಫೈಲ್ ತೆರೀಬೇಡಿ. ಮಾರ್ಬಲ್ ಅಂಗಡಿಯವರು ಮಾಡೋದೂ ಅದನ್ನೇ, ಅದಕ್ಕೇ ಅವರಿಗೆ ದುಡ್ಡು ಮೊದಲು ಹೋಗೋದು.

ಕಂಟೆಂಟ್ ರೈಟರ್, ಹೂಟಗಳ್ಳಿ: ಮೇಡಂ ಅಗ್ರಿಮೆಂಟ್ ಇಲ್ದೆ ಬರೀ ವಾಟ್ಸಾಪಲ್ಲಿ ರೇಟ್ ಒಪ್ಪಿದ್ರೆ ನಡಿಯುತ್ತಾ

ವಕೀಲರು: ಮೊದಲನೇ ಉತ್ತರ ಓದಿ.

ಕಂಟೆಂಟ್ ರೈಟರ್, ಹೂಟಗಳ್ಳಿ: ಅದ್ರಲ್ಲಿ ಮೇಲ್ ಅಂತ ಇದೆ, ವಾಟ್ಸಾಪ್ ಅಂತ ಇಲ್ಲ

ವಕೀಲರು: ನಡಿಯುತ್ತೆ.

ಗೋಡೆ ಚಿತ್ರಗಾರ, ಮಂಡ್ಯ: ಮೇಡಂ ಈಗ ಸೆಕ್ಯೂರಿಟಿ ಅಣ್ಣ ಫೋನ್ ಮಾಡಿದ್ದ. ಶನಿವಾರ ಅಲ್ವಂತೆ. ನಾಡಿದ್ದು ಶುಕ್ರವಾರ ಬೆಳಿಗ್ಗೇನೇ ಸ್ಕ್ರೀನ್‌ನವ್ರು ಬತ್ತಾರಂತೆ. ಬ್ರಾಕೆಟ್ ಕೂರಿಸಕ್ಕೆ ಪೆನ್ಸಿಲಲ್ಲಿ ಮಾರ್ಕ್ ಮಾಡೋಗವ್ರಂತೆ, ಹೂ ಕಟ್ಟೋರ ಮೇಲೇ.

ವಕೀಲರು: ಹಂಗಾದ್ರೆ ಇವತ್ತು ರಾತ್ರೀನೇ ಕಂಪನಿಗೆ ಒಂದು ಮೇಲ್ ಹೋಗಬೇಕು, ನಾನು ಬರೆದು ಕಳಿಸ್ತೀನಿ, ನೀನು ನಿನ್ನ ಐಡಿಯಿಂದ ಹಾಕು. ನಾಳೆ ಬೆಳಿಗ್ಗೆ 8ಕ್ಕೆ ಮಂಡ್ಯ ಕೋರ್ಟ್ ಹತ್ರ ಇರು, ನಾನೇ ಬರ್ತೀನಿ. ಉದ್ಯಮ್ ಸರ್ಟಿಫಿಕೇಟ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ 30,000 ಬಂದಿರೋ ಪುಟ, ಸಾರ್ವೆ ಬಾಡಿಗೆ ರಸೀದಿ, ಆ ಡೈರಿ, ಫೋನು, ಚಾರ್ಜರ್. ಸ್ಕೆಚ್ ಏನಾದ್ರೂ ಇದ್ಯಾ, ಮೊದಲು ಪೇಪರಲ್ಲಿ ಹಾಕಿದ್ದು?

ಗೋಡೆ ಚಿತ್ರಗಾರ, ಮಂಡ್ಯ: ಐತೆ ಮೇಡಂ. ಅವ್ವನ ಕೈ ಬರ್ದಿದ್ದ ಹಾಳೆನೂ ಐತೆ, ಹಿಂದೆ ತಾರೀಕು ಹಾಕಿದೀನಿ.

ವಕೀಲರು: ಅದನ್ನ ಮಡಚದೆ ತಗೊಂಡ್ ಬಾ.

ವಾಯ್ಸ್ ಓವರ್, ಗೋಕುಲಂ: ಮೇಡಂ?

ಅಡ್ಮಿನ್: 9.20 ಆಯ್ತು, ಕಾಮೆಂಟ್ ಮುಚ್ತಿದೀನಿ.